ಕುತ್ತಿಗೆಯ ಅಳತೆ

ಎಚ್ಚರವಾದ ಕೂಡಲೇ ಚಿಕ್ಕಮಲ್ಲಪ್ಪನ ಕೈ ತಾನಾಗಿ ಬೆನ್ನಿಗೆ ಹೋಯಿತು. ಬನಿಯನ್ನಿನ ಹಿಂದೆ, ಎರಡು ರೆಕ್ಕೆಮೂಳೆಗಳ ನಡುವೆ, ಹೆಂಡತಿ ದೊಡ್ಡಮಲ್ಲಮ್ಮ ಹಳೇ ಲಂಗದ ಬಟ್ಟೆಯನ್ನು ಜೇಬಿನಂತೆ ಹೊಲಿದು ಒಳಗೆ ಕೂರಿಸಿದ್ದ ರಬ್ಬರ್ ಚೆಂಡು ಅಲ್ಲೇ ಇತ್ತು. ಐವತ್ತನಾಲ್ಕು ವರ್ಷದ ಹೆಡ್‌ಮಾಸ್ತರನೊಬ್ಬ ಬೆನ್ನಿಗೆ ಚೆಂಡು ಕಟ್ಟಿಕೊಂಡು ಮಲಗುತ್ತಾನೆಂಬುದು ಗುಂಡ್ಲುಪೇಟೆಯಲ್ಲಿ ಯಾರಿಗಾದರೂ ತಿಳಿದರೆ ಏನಾದೀತು ಎಂಬ ಯೋಚನೆ, ಹದಿನೈದು ದಿನದಿಂದ ಬರುತ್ತಿದ್ದ ಹಾಗೆಯೇ, ಇವತ್ತೂ ತಲೆನೋವಿನ ಜೊತೆಯಲ್ಲೇ ಬಂತು. ಅಂಗಾತ ಮಲಗಬೇಡಿ, ಮಲಗಿದರೆ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ನಿದ್ದೆಯಲ್ಲಿ ಹೊರಳಿದರೆ ಚೆಂಡು ಒತ್ತಬೇಕು, ಒತ್ತಿದರೆ ಅವನು ಮಗ್ಗುಲಾಗಬೇಕು. ಆದರೆ ಅವನು ಚೆಂಡಿನ ಮೇಲೆಯೇ ಅಂಗಾತ ಬಿದ್ದುಕೊಂಡು, ಗೊರಕೆ ಹೊಡೆದು, ಬೆನ್ನಲ್ಲೊಂದು ಕೆಂಪು ಮಚ್ಚೆ ಮೂಡಿಸಿಕೊಂಡು ಏಳುತ್ತಿದ್ದ. ದನ ಮುಂಗಾಲೂರಿ ಏಳುವ ಹಾಗೆ ಏಳುತ್ತೇನೆ ಎಂದು ತನ್ನ ಬಗ್ಗೆ ತಾನೇ ಅಸಹ್ಯಪಟ್ಟುಕೊಂಡ.

ಬಿಸಿನೀರು ತೋಡುತ್ತಿದ್ದ ದೊಡ್ಡಮಲ್ಲಮ್ಮ ಅವನ ಮುಖ ನೋಡಿಯೇ ಅಂದಳು: ‘ಇವತ್ತೂ ಅದ್ರ ಮ್ಯಾಲೇ ಮನಗಿದ್ರಿ.’

ಅವನು ಟವಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಕಡೆ ನಡೆದ.

‘ಚಾಮ್ರಾಜನಗರಕ್ಕೆ ಓಗಿ ಏನ್ ಯೋಳೀರಿ?’

‘ಕೇಳಿದ್ದಕ್ಕೆ ಉತ್ತರ ಹೇಳ್ತೀನಿ.’

‘ಕೇಳ್ದೆ ಇರದ?’

ಅವನು ಬಚ್ಚಲ ಬಾಗಿಲು ಹಾಕಿಕೊಂಡ. ಅವಳು ಆಚೆಯಿಂದಲೇ, ಜಗಳವಾಡುವ ದನಿಯಲ್ಲಲ್ಲ, ಸಾರಿಗೆ ಉಪ್ಪು ಹಾಕಿದೆಯೋ ಇಲ್ಲವೋ ಎಂದು ವಿಚಾರಿಸುವ ದನಿಯಲ್ಲಿ, ‘ಯೋಳ್ಬುಟ್ಟು ಬನ್ನಿ’ ಎಂದಳು. ಅವನು ಚೊಂಬಿನ ಮೇಲೆ ಚೊಂಬು ನೀರು ಸುರಿದುಕೊಂಡ. ಅವಳಿಗೇನು ಗೊತ್ತು ಅಂದುಕೊಂಡ. ಗೊತ್ತಿದ್ದದ್ದೆಲ್ಲ ಅವಳಿಗೇ. ಡಾಕ್ಟರ ಕೋಣೆಯಲ್ಲಿ ಅವಳು ಪಕ್ಕದ ಕುರ್ಚಿಯಲ್ಲೇ ಇದ್ದಳು. ಅಷ್ಟೇಕೆ, ಅವನನ್ನು ಮೈಸೂರಿಗೆ ಎಳೆದುಕೊಂಡು ಹೋದವಳೂ ಅವಳೇ. ಇವತ್ತಿನ ವಿಚಾರಣೆ ಎದುರಿಸಬೇಕಾಗಿದ್ದ, ಅವನ ಶಾಲೆಯ ಮೇಷ್ಟ್ರು ರಂಗರಾಜುವಿನ ಹೆಂಡತಿ ಕುಮಾರಿ, ಗಂಡ ಸಸ್ಪೆಂಡಾದ ಎರಡನೇ ವಾರ, ಹರವೆಯಿಂದ ಬಸ್ಸು ಹತ್ತಿ ಬಂದು ಇದೇ ಹಿತ್ತಿಲಿನಲ್ಲಿ ನಿಂತಿದ್ದಳು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ, ಅವಳೂ ಬರುವ ಪ್ರಯತ್ನ ಮಾಡಿರಲಿಲ್ಲ. ಚಿಕ್ಕಮಲ್ಲಪ್ಪ ಮನೆಯಲ್ಲಿಲ್ಲ ಎಂದು ಹೇಳಿಸಿ ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದ. ‘ಕುಡಿಯಾಕಿಲ್ಲ ಕಣವ್ವ, ನಮ್ಮ ಮಾದಪ್ಪನಾಣೆ. ಮನಗದ್ರೆ ಉಸ್ರು ನಿಂತೋಯ್ತದೆ. ನಾ ಅಳ್ಳಾಡುಸ್ಬೇಕು. ಆಮ್ಯಾಕೆ ಹಾ ಅಂತ ಎಳ್ಕತರೆ, ನೀರಲ್ಲಿ ಮುಳುಗೋರಂಗೆ,’ ಎಂದು ಅವಳು ಹೇಳುವುದೂ, ದೊಡ್ಡಮಲ್ಲಮ್ಮ ‘ನಮ್ಮೋರ್ಗೂ ಅಂಗೇಯ’ ಎನ್ನುವುದೂ ಕೇಳಿಸಿತ್ತು. ಅವನು ಪೇಪರಿನ ಪುಟ ತಿರುವಿದ್ದ.

ಅಂಗಿ ತೊಟ್ಟು ಕಾಲರಿನ ಗುಂಡಿ ಹಾಕಿಕೊಳ್ಳಲು ನೋಡಿದ. ಸರ್ಕಾರಿ ಕೆಲಸಕ್ಕೆ ಹೋಗುವಾಗ ಮೇಲಿನ ಗುಂಡಿ ಹಾಕಿರಬೇಕೆಂಬುದು ಅವನ ಮೂವತ್ತು ವರ್ಷದ ನಿಯಮ. ಅದು ಸೇರದೆ ಎಷ್ಟು ವರ್ಷವಾಯಿತೋ ಲೆಕ್ಕವಿಲ್ಲ. ದರ್ಜಿಯ ಮೇಲೆ, ಅಗಸನ ಮೇಲೆ, ಬಟ್ಟೆಯ ಮೇಲೆ ತಪ್ಪು ಹೊರಿಸಿಕೊಂಡು ಬಂದಿದ್ದ. ಡಾಕ್ಟರು ಮೊದಲು ಮಾಡಿದ್ದೇ ಅದು. ಸ್ಟೆತಾಸ್ಕೋಪು ಮುಟ್ಟದೆ, ದರ್ಜಿಗಳ ಟೇಪು ತೆಗೆದು, ಗಂಟಲಮಣಿಯ ಕೆಳಗೆ ಸುತ್ತಿ, ‘ಹದಿನೇಳೂವರೆ ಇಂಚು’ ಎಂದು ಬರೆದುಕೊಂಡರು. ಬಾಯಿ ತೆಗೆಸಿ ಟಾರ್ಚ್ ಬಿಟ್ಟರು. ‘ಕಿರುನಾಲಿಗೆ ಕಾಣಿಸ್ತಾನೇ ಇಲ್ವಲ್ಲ ಮೇಷ್ಟ್ರೆ, ಬರೀ ನಾಲಿಗೆಯೇ ಕಾಣುತ್ತೆ,’ ಎಂದು ನಕ್ಕರು. ನಾಲಿಗೆಯ ಅಂಚಿನಲ್ಲಿ ಹಲ್ಲು ಕಚ್ಚಿದ ಗುರುತುಗಳಿದ್ದವು. ಬಿ.ಪಿ. ಎಷ್ಟು, ಬೆಳಿಗ್ಗೆ ತಲೆನೋವು ಬರುತ್ತದೆಯೆ, ಸಿಟ್ಟು ಹೆಚ್ಚಾಗಿದೆಯೆ, ಹೆಸರುಗಳು ಮರೆತುಹೋಗುತ್ತವೆಯೆ, ಕೂತಲ್ಲಿ ಜೋಂಪು ಹತ್ತುತ್ತದೆಯೆ. ಇಲ್ಲ, ಇಲ್ಲ ಎಂದು ಅವನೂ, ಹೌದು, ಹೌದು ಎಂದು ಹೆಂಡತಿಯೂ ಹೇಳುತ್ತ ಹೋದರು. ಡಾಕ್ಟರು ಹೌದು ಎಂದದ್ದನ್ನು ಮಾತ್ರ ಬರೆದುಕೊಂಡರು. ‘ಇದು ಸೋಮಾರಿತನ ಅಲ್ಲ. ನೀವು ಮಲಗಿರ್ತೀರಿ, ನಿದ್ದೆ ಮಾಡಿರಲ್ಲ. ಗಂಟೆಗೆ ಮೂವತ್ತು ಸಲ ಉಸಿರು ಕಟ್ಟಿ, ಮೂವತ್ತು ಸಲ ಎದ್ದಿರ್ತೀರಿ. ನಿಮಗೇ ಗೊತ್ತಿರಲ್ಲ ಅಷ್ಟೆ. ಬೆಂಗಳೂರಲ್ಲಿ ಪರೀಕ್ಷೆ ಮಾಡಿಸಿದ್ರೆ ಖಚಿತ ಆಗುತ್ತೆ. ಆದ್ರೆ ಈ ಕತ್ತು, ಈ ಗಂಟಲು ನೋಡಿದ್ರೆ ನನಗೆ ಅನುಮಾನ ಉಳಿದಿಲ್ಲ.’

ಆಗ ಹೆಂಡತಿ ಕೇಳಿದ್ದಳು: ‘ದಪ್ಪಾಗಿರೋರ್ಗೆ ಮಾತ್ರನಾ ಸಾಮಿ ಇದು ಬರದು?’ ಅವಳು ಯಾಕೆ ಕೇಳುತ್ತಿದ್ದಾಳೆಂದು ಅವನಿಗೆ ತಕ್ಷಣ ತಿಳಿದು, ಕಾಲಿನಿಂದ ಅವಳ ಕಾಲನ್ನು ಒತ್ತಿದ. ‘ಹಾಗೇನಿಲ್ಲಮ್ಮ. ಕಡ್ಡಿ ಹಂಗೆ ಇರೋರಿಗೂ ಬರುತ್ತೆ,’ ಎಂದು ಡಾಕ್ಟರು ಔಷಧಿ ಚೀಟಿಯ ಹಿಂಬದಿಯಲ್ಲಿ ಪಕ್ಕದಿಂದ ಕಾಣುವ ಮುಖವೊಂದನ್ನು ಬರೆದರು. ಹಣೆ, ಮೂಗು, ತುಟಿ; ತುಟಿಯ ಕೆಳಗೆ ಗದ್ದವಿರಬೇಕಾದಲ್ಲಿ ಗೆರೆ ಒಳಕ್ಕೆ ಸರಿದು ನೇರ ಕುತ್ತಿಗೆಗೆ ಇಳಿಯಿತು. ‘ಕೆಳದವಡೆ ಹೀಗೆ ಹಿಂದಕ್ಕಿದ್ರೆ ನಾಲಿಗೆಗೆ ಜಾಗ ಎಲ್ಲಿ? ಯಾವಾಗಲೂ ಬಾಯಿ ತೆರೆದಿರ್ತಾರೆ, ನೋಡಿ. ಇಂಥವರನ್ನ ಜನ ಪೆದ್ದ ಅಂತಾರೆ, ಸೋಂಬೇರಿ ಅಂತಾರೆ.’ ಚಿಕ್ಕಮಲ್ಲಪ್ಪ ಚೀಟಿಯನ್ನು ನೋಡಿದ. ಎಂದೂ ರಂಗರಾಜುವನ್ನು ನೋಡಿರದ ಮನುಷ್ಯ ಐದು ಗೆರೆಯಲ್ಲಿ ರಂಗರಾಜುವನ್ನು ಬರೆದಿಟ್ಟಿದ್ದ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ನಿದ್ದೆ ಮಾಡಬಾರದೆಂದು ಎದುರು ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮಂಡಿಯ ಮುಂದೆ ಕೇರಳದ ಲಾರಿಗಳು ಸಾಲಾಗಿ ನಿಂತಿದ್ದವು. ಈರುಳ್ಳಿ ಮೂಟೆಗಳ ಮೇಲೆ ಕೂತ ಹಮಾಲಿಗಳು ಟೀ ಕುಡಿಯುತ್ತಿದ್ದರು. ಇಡೀ ಜಗತ್ತೇ ನಿದ್ದೆ ಮುಗಿಸಿ ಎದ್ದು ಬಂದಂತಿದೆ, ತಾನೊಬ್ಬನೇ ಬೇರೆ ಯಾರದೋ ನಿದ್ದೆಯ ಬಾಕಿಯನ್ನು ಹೊತ್ತು ತಿರುಗುತ್ತಿದ್ದೇನೆ ಅನ್ನಿಸಿತು. ಹೇಳಿಬಿಟ್ಟರೆ ಏನಾಗುತ್ತದೆ? ರಂಗರಾಜುವಿಗೆ ಕಾಯಿಲೆಯಿದೆ ಎಂದರೆ, ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ನನಗೂ ಇದೆ ಎನ್ನಬೇಕು. ಹಾಗಾದರೆ ನೀವೂ ಶಾಲೆಯಲ್ಲಿ ಮಲಗುತ್ತೀರಾ ಎಂದು ಕೇಳುತ್ತಾರೆ. ನಿವೃತ್ತಿಗೆ ನಾಲ್ಕು ವರ್ಷವಿದೆ. ಮೂವತ್ತು ವರ್ಷದಲ್ಲಿ ಒಂದು ಕೆಂಪು ಶಾಯಿಯ ಗೆರೆಯಿಲ್ಲ. ಮೇಲಾಗಿ ಅವನೇನು ನನ್ನ ತಮ್ಮನೆ, ನೆಂಟನೆ? ಸುಲಭವಾಗಿ ಸಿಕ್ಕ ಕೆಲಸವನ್ನು ಸುಲಭವಾಗಿ ಕಳೆದುಕೊಂಡ, ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದಾಗ ತಾನು ನಕ್ಕಿದ್ದು ನೆನಪಾಯಿತು. ಅಂದದ್ದು ಯಾರೋ ಅಲ್ಲ, ತಾನೇ. ನಕ್ಕವರು ಬೇರೆಯವರು.

‘ಸ್ವಾಮಿ, ನನ್ನ ಹೆಗ್ಲೇನು ದಿಂಬಾ?’

ಚಿಕ್ಕಮಲ್ಲಪ್ಪ ಬೆಚ್ಚಿ ತಲೆಯೆತ್ತಿದ. ಪಕ್ಕದಲ್ಲಿ ವೀಳ್ಯದೆಲೆಯ ಕುಕ್ಕೆ ತೊಡೆಯ ಮೇಲಿಟ್ಟುಕೊಂಡಿದ್ದ ಮನುಷ್ಯ ತನ್ನ ತೋಳಿನ ಮೇಲಿನ ಜೊಲ್ಲನ್ನು ಟವಲಿನಿಂದ ಒರೆಸಿಕೊಳ್ಳುತ್ತಿದ್ದ. ಬಸ್ಸು ಆಗಲೇ ತೆರಕಣಾಂಬಿ ದಾಟಿತ್ತು. ಹಿಂದಿನ ಸೀಟಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ‘ಏನ್ ಗೊರ್ಕೆ ಕಣ್ಲಾ, ಗಿರಣಿ ಸುರುವಾದಂಗೆ,’ ಎಂದು ಯಾರೋ ಅಂದರು. ಕಂಡಕ್ಟರ್ ಕೂಡ ತಿರುಗಿ ನೋಡಿದ. ಚಿಕ್ಕಮಲ್ಲಪ್ಪ ಕಿಟಕಿಯ ಹೊರಗೆ ಅರಿಸಿನದ ಹೊಲಗಳನ್ನು ನೋಡುತ್ತ, ಕೆನ್ನೆ ಬಿಸಿಯಾಗುವುದನ್ನು ತಡೆಯಲಾಗದೆ ಕೂತ. ತನ್ನ ಶಾಲೆಗೆ ಹೋಗುವ ಕವಲುದಾರಿ ಹಿಂದಕ್ಕೆ ಹೋಗಿತ್ತು. ಆ ದಾರಿಯಲ್ಲೇ ಎಂಟು ತಿಂಗಳ ಹಿಂದೆ ಶಿಕ್ಷಣಾಧಿಕಾರಿಗಳ ಜೀಪು ಬಂದದ್ದು.

ಊಟದ ಬಿಡುವು ಮುಗಿದ ಮೇಲಿನ ಹೊತ್ತು. ಆ ಹೊತ್ತು ಅವನ ಪಾಲಿಗೆ ದಿನವೂ ಒಂದು ಬಾವಿ. ಹಾಜರಿ ಪುಸ್ತಕವನ್ನು ಎದುರಿಗೆ ನೆಟ್ಟಗೆ ನಿಲ್ಲಿಸಿ, ಕೈಯಲ್ಲಿ ಪೆನ್ನು ಹಿಡಿದು, ಬರೆಯುತ್ತಿರುವಂತೆ ಕಾಣುವ ಭಂಗಿಯಲ್ಲಿ ನಿದ್ರಿಸುವುದನ್ನು ಹತ್ತು ವರ್ಷದಲ್ಲಿ ಅವನು ಒಂದು ವಿದ್ಯೆಯಂತೆ ಕಲಿತಿದ್ದ. ಜವಾನ ಪುಟ್ಟಮಾದುವಿಗೆ ಗೊತ್ತಿತ್ತು. ಅವನು ಬಾಗಿಲ ಹತ್ತಿರ ಬಂದಾಗ ಕೆಮ್ಮುತ್ತಿದ್ದ. ಅವತ್ತು ಪುಟ್ಟಮಾದು ರಜೆ. ಕಣ್ಣು ಬಿಟ್ಟಾಗ ಜೀಪಿನ ಬಾಗಿಲು ಬಡಿದ ಸದ್ದು, ವರಾಂಡದಲ್ಲಿ ಬೂಟಿನ ಸದ್ದು. ಕೆನ್ನೆಯ ಮೇಲೆ ಪುಸ್ತಕದ ಅಂಚಿನ ಗೆರೆ ಮೂಡಿತ್ತು, ಅದು ಕೈಗೆ ಸಿಗುತ್ತಿತ್ತು. ಅಧಿಕಾರಿ ಒಳಗೆ ಬಂದು ಅವನ ಮುಖವನ್ನೇ ನೋಡಿ, ಏನೋ ಕೇಳಲು ಬಾಯಿ ತೆರೆದರು. ಅವರು ಕೇಳುವ ಮೊದಲೇ ಚಿಕ್ಕಮಲ್ಲಪ್ಪ ಎದ್ದು, ‘ಒಳ್ಳೇ ಸಮಯಕ್ಕೆ ಬಂದ್ರಿ ಸಾರ್, ನಮ್ಮ ಕಷ್ಟ ಒಂದ್ಸಲ ನೀವೇ ನೋಡಿ,’ ಎಂದು ಅವರನ್ನು ನೇರ ನಾಲ್ಕನೇ ಕ್ಲಾಸಿಗೆ ಕರೆದುಕೊಂಡು ಹೋದ. ಯೋಚನೆ ಮಾಡಿ ಹೋದದ್ದಲ್ಲ, ಕಾಲುಗಳೇ ಹೋದವು. ಅಲ್ಲಿ ರಂಗರಾಜು ಗೋಡೆಗೆ ಒರಗಿ, ಸೀಮೆಸುಣ್ಣ ಹಿಡಿದ ಕೈಯನ್ನು ಮಡಿಲಲ್ಲಿಟ್ಟು, ಬಾಯಿ ತೆರೆದು ನಿದ್ರಿಸುತ್ತಿದ್ದ. ಮಕ್ಕಳು ಗದ್ದಲವಿಲ್ಲದೆ ಕೂತಿದ್ದರು. ಮೇಷ್ಟ್ರಿಗೆ ಎಚ್ಚರವಾಗದಿರಲೆಂದು ಅವರು ಪಿಸುಮಾತಿನಲ್ಲಿ ಮಗ್ಗಿ ಹೇಳುತ್ತಿದ್ದರು. ಅದನ್ನು ಚಿಕ್ಕಮಲ್ಲಪ್ಪ ವರದಿಯಲ್ಲಿ ಬರೆಯಲಿಲ್ಲ. ಬರೆದದ್ದು: ಕರ್ತವ್ಯದ ವೇಳೆಯಲ್ಲಿ ಪದೇ ಪದೇ ಉದ್ದೇಶಪೂರ್ವಕವಾಗಿ ನಿದ್ರಿಸುತ್ತಿದ್ದು, ಮದ್ಯಪಾನ ಮಾಡಿರಬಹುದೆಂಬ ಶಂಕೆ ಇರುತ್ತದೆ. ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಶುದ್ಧ ಪ್ರತಿ ತೆಗೆಯುವಾಗ, ವಾಕ್ಯ ಇನ್ನೂ ಸ್ವಲ್ಪ ತೂಕವಾಗಿರಲಿ ಅನ್ನಿಸಿ ಸೇರಿಸಿದ್ದ.

ಚಾಮರಾಜನಗರ ಜಿಲ್ಲೆಯಾಗಿ ವರ್ಷವೂ ತುಂಬಿರಲಿಲ್ಲ. ಬಾಡಿಗೆ ಕಟ್ಟಡದ ಕಚೇರಿಯಲ್ಲಿ ಫೈಲುಗಳು ಇನ್ನೂ ಗೋಣಿಚೀಲದಲ್ಲೇ ಇದ್ದವು. ಗೋಡೆಯ ಸುಣ್ಣ ಮುಟ್ಟಿದರೆ ಕೈಗೆ ಅಂಟುತ್ತಿತ್ತು. ಓಣಿಯಂಥ ವರಾಂಡದ ಬೆಂಚಿನಲ್ಲಿ ರಂಗರಾಜು ಕೂತಿದ್ದ. ಕೂತಿದ್ದ ಎನ್ನುವುದಕ್ಕಿಂತ, ಕೂತಲ್ಲೇ ಇಲ್ಲವಾಗಿದ್ದ. ಇಸ್ತ್ರಿ ಮಾಡಿದ ಬಿಳೀ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ತೊಡೆಯ ಮೇಲೆ ರಟ್ಟಿನ ಫೈಲು. ತನ್ನ ವಿಚಾರಣೆಯ ದಿನವೇ, ತನ್ನ ಅನ್ನದ ಪ್ರಶ್ನೆ ತೀರ್ಮಾನವಾಗುವ ಬಾಗಿಲ ಎದುರಿಗೇ ಮಲಗುತ್ತಾನಲ್ಲ ಎಂದು ಚಿಕ್ಕಮಲ್ಲಪ್ಪನಿಗೆ ಹಳೇ ಸಿಟ್ಟು ಒಂದು ಕ್ಷಣ ನುಗ್ಗಿ ಬಂತು. ಬಂದ ಸಿಟ್ಟು ಬಸ್ಸಿನ ನಗೆಯ ನೆನಪಿಗೆ ತಾಗಿ ನಿಂತುಹೋಯಿತು. ಪಕ್ಕದಿಂದ ನೋಡಿದ. ಹಣೆ, ಮೂಗು, ತುಟಿ, ಆಮೇಲೆ ಏನೂ ಇಲ್ಲ. ಗದ್ದವಿಲ್ಲದ ಆ ಮುಖವನ್ನು ಹನ್ನೊಂದು ವರ್ಷ ನೋಡಿ, ದೇವರು ಕೆಲಸ ಮುಗಿಸದೆ ಕಳಿಸಿದ್ದಾನೆ ಎಂದು ತಮಾಷೆ ಮಾಡಿದ್ದ. ತೆಳ್ಳನೆ ಕುತ್ತಿಗೆಯಲ್ಲಿ ಗಂಟಲಮಣಿ ಮೇಲೇರಿತು, ನಿಂತಿತು. ಎದೆ ಏಳಲು ಯತ್ನಿಸುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಚಿಕ್ಕಮಲ್ಲಪ್ಪ ತನ್ನ ಉಸಿರನ್ನೂ ಹಿಡಿದುಕೊಂಡು ನಿಂತ. ಮಲಗಿದಾಗ ತಾನು ಹೇಗಿರುತ್ತೇನೆಂದು ಜೀವಮಾನದಲ್ಲಿ ಮೊದಲ ಸಲ ಕಾಣುತ್ತಿದ್ದ. ಹತ್ತು, ಹನ್ನೆರಡು, ಹದಿನೈದು ಎಣಿಸುವಷ್ಟು ಹೊತ್ತು. ಅಲ್ಲಾಡಿಸಬೇಕು ಅನ್ನಿಸಿತು. ಕೈ ಚಾಚಲಿಲ್ಲ. ಮುಟ್ಟುವುದು ಹೇಗೆ ಎಂಬ ಹಳೆಯ ಸಂಕೋಚವೋ, ಎದ್ದರೆ ಮಾತಾಡಬೇಕಾಗುತ್ತದೆ ಎಂಬ ಭಯವೋ ಅವನಿಗೇ ತಿಳಿಯಲಿಲ್ಲ. ರಂಗರಾಜುವಿನ ಮೈ ಒಮ್ಮೆ ಕುಲುಕಿ, ಮುಳುಗಿದವನು ನೀರಿನ ಮೇಲೆ ಬಂದಂತೆ ಉಸಿರೆಳೆದುಕೊಂಡು, ಕಣ್ಣು ಬಿಟ್ಟು, ಎದುರಿಗೆ ಹೆಡ್‌ಮಾಸ್ತರರನ್ನು ಕಂಡು ದಡಬಡಿಸಿ ಎದ್ದು ನಿಂತ.

‘ನಮಸ್ಕಾರ ಸಾ.’

‘ಹ್ಞೂಂ,’ ಎಂದ ಚಿಕ್ಕಮಲ್ಲಪ್ಪ.

ಒಳಗೆ ವಿಚಾರಣಾಧಿಕಾರಿ ವಯಸ್ಸಾದವರು, ಮರ್ಯಾದೆಯ ಮನುಷ್ಯ. ಅದು ಇನ್ನೂ ಕಷ್ಟವಾಯಿತು. ಗದರುವವರಾಗಿದ್ದರೆ ಹೆದರಿಕೆಯ ಹಿಂದೆ ಅಡಗಬಹುದಿತ್ತು. ವರದಿಯನ್ನು ಓದಿ, ಕನ್ನಡಕದ ಮೇಲಿಂದ ನೋಡಿ ಕೇಳಿದರು: ‘ನಿದ್ದೆ ಮಾಡ್ತಿದ್ದದ್ದನ್ನ ನೀವು ಕಣ್ಣಾರೆ ಕಂಡಿದೀರಿ?’

‘ಕಂಡಿದೀನಿ ಸಾರ್.’

‘ಮದ್ಯಪಾನ ಅಂತ ಬರೆದಿದೀರಲ್ಲ. ವಾಸನೆ ಇತ್ತಾ?’

‘ಶಂಕೆ ಅಂತ ಬರೆದಿದೀನಿ ಸಾರ್.’

‘ಅದನ್ನ ಓದಿದೀನಿ. ವಾಸನೆ ಇತ್ತೋ ಇಲ್ವೋ?’

ಇರಲಿಲ್ಲ ಎನ್ನುವುದು ನಾಲ್ಕು ಅಕ್ಷರ. ಪಕ್ಕದಲ್ಲಿ ಟೈಪಿಸ್ಟ್ ಹುಡುಗಿ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಳು. ಫ್ಯಾನಿನ ಗಾಳಿ ಮುಖಕ್ಕೆ ತಾಗಿ, ಇಂಥ ಹೊತ್ತಿನಲ್ಲೂ, ಕಣ್ಣಿನ ಹಿಂದೆ ಎಲ್ಲೋ ಆ ಬಾವಿಯ ತಂಪು ಏಳತೊಡಗಿತು. ಚಿಕ್ಕಮಲ್ಲಪ್ಪ ತೊಡೆ ಚಿವುಟಿಕೊಂಡ. ‘ಶಂಕೆ ಇತ್ತು ಸಾರ್,’ ಎಂದ. ಅಧಿಕಾರಿ ನಿಟ್ಟುಸಿರು ಬಿಟ್ಟು, ‘ಶಂಕೆ ಇತ್ತು ಅಂತ ಹೊಡಿಯಮ್ಮ,’ ಎಂದರು. ಆಮೇಲೆ ರಂಗರಾಜುವಿನ ಕಡೆ ತಿರುಗಿ, ‘ನೀವು ಸಾಕ್ಷಿಯನ್ನ ಏನಾದ್ರೂ ಕೇಳಬಹುದು. ಅದು ನಿಮ್ಮ ಹಕ್ಕು,’ ಎಂದರು.

ರಂಗರಾಜು ಎದ್ದು ನಿಂತ. ಕೇಳುವುದಿಲ್ಲ, ಅವನಿಗೇನು ಕೇಳಲು ಬರುತ್ತದೆ ಎಂದುಕೊಂಡಿದ್ದ ಚಿಕ್ಕಮಲ್ಲಪ್ಪ. ಹನ್ನೊಂದು ವರ್ಷದಲ್ಲಿ ರಜೆ ಚೀಟಿಯ ಹೊರತು ಅವನು ಏನನ್ನೂ ಕೇಳಿರಲಿಲ್ಲ.

‘ಒಂದೇ ಸಾ. ನಂಗೆ ಏನೋ ಕಾಯ್ಲೆ ಇರಬೈದು ಅಂತ ನಿಮ್ಗೆ ಯಾವತ್ತಾದ್ರೂ ಅನ್ಸಿತ್ತಾ?’

ರಂಗರಾಜು ಅವನ ಮುಖವನ್ನೇ ನೋಡುತ್ತಿದ್ದ. ಬೇಡುವ ನೋಟವಲ್ಲ, ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತವರು ನೋಡುವ ಹಾಗೆ. ಪೆದ್ದು, ಇಂಥ ಪ್ರಶ್ನೆ ತಾನಾಗಿ ಹೇಗೆ ಹೊಳೆಯಿತೋ, ಎಂದು ಚಿಕ್ಕಮಲ್ಲಪ್ಪ ಚಕಿತನಾದ. ಹೇಳಿಬಿಡುವ ಮಾತು ಗಂಟಲವರೆಗೆ ಬಂದದ್ದು ನಿಜ. ಆದರೆ ಅಧಿಕಾರಿಯ ಕನ್ನಡಕ, ಟೈಪಿಸ್ಟ್ ಹುಡುಗಿಯ ಬೆರಳು, ನಾಳೆ ಸ್ಟಾಫ್ ರೂಮಿನಲ್ಲಿ ಏಳುವ ನಗೆ, ಎಲ್ಲ ಒಟ್ಟಿಗೆ ಕಂಡವು.

‘ಇಲ್ಲ,’ ಎಂದ. ಸಾಲದು ಅನ್ನಿಸಿ, ‘ಅಂಥದ್ದೇನೂ ನನ್ನ ಗಮನಕ್ಕೆ ಬಂದಿಲ್ಲ,’ ಎಂದ.

ರಂಗರಾಜು ತಲೆಯಾಡಿಸಿ ಕೂತ. ಅಧಿಕಾರಿ ಇಬ್ಬರ ಕೈಯಲ್ಲೂ ಸಹಿ ಹಾಕಿಸಿಕೊಂಡರು. ರಂಗರಾಜು ಹೊರಗೆ ಹೋದ ಮೇಲೆ, ತಮಗೆ ತಾವೇ ಹೇಳಿಕೊಳ್ಳುವಂತೆ, ‘ನಿದ್ದೆ ಅಂತ ಅವರೇ ಒಪ್ಪಿಕೊಂಡಿದಾರೆ. ಕಾರಣ ಅಂತ ಒಂದು ಸಿಕ್ಕಿದ್ರೆ ಏನಾದ್ರೂ ಬರೀಬಹುದಿತ್ತು. ಈಗ ಮನೆಗೆ ಕಳಿಸೋದು ಬಿಟ್ಟು ಇನ್ನೇನು ಬರೆಯೋದು,’ ಎಂದರು. ಚಿಕ್ಕಮಲ್ಲಪ್ಪ ನಮಸ್ಕರಿಸಿ ಹೊರಬಂದ.

ಬಸ್ ನಿಲ್ದಾಣದ ಹತ್ತಿರದ ಮರದ ನೆರಳಿನಲ್ಲಿ ರಂಗರಾಜು ಹರವೆಯ ಬಸ್ಸಿಗೆ ಕಾಯುತ್ತ ನಿಂತಿದ್ದ. ತಪ್ಪಿಸಿಕೊಂಡು ಆಚೆ ಬದಿಗೆ ಹೋಗಬಹುದಿತ್ತು. ಆದರೆ ಚಿಕ್ಕಮಲ್ಲಪ್ಪನೊಳಗೆ, ಅಪಾಯ ಕಳೆದ ಮೇಲೆ ಉಕ್ಕುವ ಒಂದು ಔದಾರ್ಯ ಎದ್ದಿತ್ತು. ಕೆಲಸ ಹೋದರೂ ಜೀವ ಉಳಿಯಲಿ. ಅಷ್ಟು ಮಾಡಿದರೆ ಲೆಕ್ಕ ಸರಿಹೋದೀತು. ಹೆಂಡತಿ ಕೇಳಿದರೆ, ಹೇಳಿದೆ ಎಂದಾದರೂ ಅನ್ನಬಹುದು. ಹತ್ತಿರ ಹೋದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಹೆಗಲ ಮೇಲೆ ಕೈಯಿಟ್ಟ.

‘ನೋಡು ರಂಗರಾಜು, ಆದದ್ದಾಯ್ತು. ನಾನೊಂದು ಮಾತು ಹೇಳ್ತೀನಿ ಕೇಳು. ಮೈಸೂರಲ್ಲಿ ಒಬ್ಬರು ಕಿವಿ ಮೂಗು ಗಂಟಲು ಡಾಕ್ಟರಿದಾರೆ. ಒಂದ್ಸಲ ತೋರ್ಸು. ನಿನ್ನ ದವಡೆ ಹಿಂದಕ್ಕಿದೆ ನೋಡು, ಅಂಥೋರಿಗೆ ಮಲಗಿದಾಗ ಗಂಟಲು ಮುಚ್ಕಳ್ತದೆ. ಅದಕ್ಕೇ ಹಗಲು ಹೊತ್ತು ನಿದ್ದೆ. ಅದು ನಿನ್ನ ತಪ್ಪಲ್ಲ.’

ರಂಗರಾಜು ಹೆಗಲನ್ನು ಸರಿಸಲಿಲ್ಲ, ಅಲ್ಲಾಡಲೂ ಇಲ್ಲ. ರಸ್ತೆ ನೋಡುತ್ತಲೇ, ‘ಇದು ನಿಮ್ಗೆ ಯಾವಾಗ ಗೊತ್ತಾಯ್ತು ಸಾ?’ ಎಂದ.

‘ಈಗ. ಒಳಗೆ ನೀನು ಆ ಪ್ರಶ್ನೆ ಕೇಳಿ ಕೂತ್ಕೊಂಡ ಮೇಲೆ, ಯಾಕೋ ಹೊಳೀತು.’

‘ಓದ ಸೋಮವಾರ ಅಮ್ಮಾವ್ರು ನಮ್ಮನೇಗೆ ಬಂದಿದ್ರು ಸಾ,’ ಎಂದ ರಂಗರಾಜು. ದನಿಯಲ್ಲಿ ಏರಿಳಿತವಿರಲಿಲ್ಲ. ‘ಒಬ್ರೇ ಬಂದಿದ್ರು. ಡಾಕ್ಟ್ರು ಹೇಳಿದ್ದೆಲ್ಲ ಹೇಳಿದ್ರು. ನೀನೇ ಹೇಳಿದ್ರೆ ನೆಪ ಅಂತಾರೆ, ಹೆಡ್‌ಮಾಸ್ತರ ಬಾಯಲ್ಲೇ ಬರ್ಲಿ, ನೀನು ಒಂದು ಮಾತು ಕೇಳು ಸಾಕು, ಅವ್ರು ಹೇಳೇ ಹೇಳ್ತಾರೆ ಅಂದ್ರು. ಏನ್ ಕೇಳಬೇಕು ಅಂತಾನೂ ಅವ್ರೇ ಹೇಳ್ಕೊಟ್ರು.’

ಚಿಕ್ಕಮಲ್ಲಪ್ಪನ ಕೈ ತಾನಾಗಿ ಕೆಳಗಿಳಿಯಿತು. ಸೋಮವಾರ ದೊಡ್ಡಮಲ್ಲಮ್ಮ ತೆರಕಣಾಂಬಿಗೆ, ತಂಗಿಯ ಮನೆಗೆ ಹೋಗಿ ಬರುತ್ತೇನೆ ಎಂದಿದ್ದಳು.

‘ನಾ ನಂಬ್ನಿಲ್ಲ ಸಾ. ನಮ್ಮ ಕುಮಾರಿ ನಂಬುದ್ಲು. ಇಬ್ರೂ ಹೆಂಗಸರು ಭಾಳ ನಂಬ್ಕಂಡಿದ್ರು.’

ಹರವೆ ಬಸ್ಸು ಬಂತು. ರಂಗರಾಜು ಫೈಲನ್ನು ಕಂಕುಳಲ್ಲಿ ಅವುಚಿ, ಅಭ್ಯಾಸಬಲದಿಂದ ‘ಬತ್ತೀನಿ ಸಾ’ ಎಂದು ಹತ್ತಿಕೊಂಡ. ಬಸ್ಸು ತಿರುಗುವ ಮೊದಲೇ ಕಿಟಕಿಯ ಸರಳಿಗೆ ಅವನ ತಲೆ ವಾಲಿದ್ದು ಕಾಣಿಸಿತು.

ಗುಂಡ್ಲುಪೇಟೆಯ ಬಸ್ಸು ಅದರ ಹಿಂದೆಯೇ ಬಂದು ನಿಂತಿತು. ಕಂಡಕ್ಟರ್ ತೆರಕಣಾಂಬಿ, ಗುಂಡ್ಲುಪೇಟೆ ಎಂದು ಕೂಗಿದ. ದೊಡ್ಡಮಲ್ಲಮ್ಮ ಈ ಹೊತ್ತಿಗೆ ಅಡಿಗೆ ಮುಗಿಸಿ ಜಗಲಿಗೆ ಬಂದು ಕೂತಿರುತ್ತಾಳೆ. ಏನಾಯಿತು ಎಂದು ಕೇಳುವುದಿಲ್ಲ. ಬೆಳಿಗ್ಗೆಯ ಹಾಗೆ ಮುಖ ನೋಡುತ್ತಾಳೆ, ಅಷ್ಟೆ. ಚಿಕ್ಕಮಲ್ಲಪ್ಪ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಡಕ್ಟರ್ ‘ಅತ್ತೀರೋ ಇಲ್ವೋ ಯಜಮಾನ್ರೆ’ ಎಂದು ಎರಡು ಸಲ ಕೇಳಿದ ಮೇಲೆ, ಕಾಲು ಹಿಂದಕ್ಕೆ ತೆಗೆದುಕೊಂಡ. ಇನ್ನೊಂದು ಬಸ್ಸು ಮುಕ್ಕಾಲು ಗಂಟೆಗೆ ಇತ್ತು. ಅದಾದ ಮೇಲೂ ಒಂದಿತ್ತು.